ಶಯ್ಯಾದಾನಕ್ಕೆ ಹೋದ ಲಿಫ್ಟ್

ಸಾವಾದ ಮನೆಗೆ ಹೋಗಿ, "ನಿಮ್ಮವರಂತೂ ಹೋದ್ರು, ಇನ್ನ ಆ ಸಾಮಾನು ಕೊಡ್ರಿ" ಎಂದು ಕೇಳಲು ಎಷ್ಟು ದಿನ ಕಾಯಬೇಕು? ನನ್ನನ್ನು ಕೇಳಿದರೆ ಒಂದು ತಾಸು. ಸಾಜೀದನನ್ನು ಕೇಳಿದರೆ ಹದಿಮೂರು ದಿನ.

"ಬ್ರಾಹ್ಮಣರ ಮನಿ, ಭಾಬಿ. ದಿನಾ ಮುಗಿಯೂತನಕ ಅವರ ಮನಿಯಿಂದ ಒಂದ ಚಮಚಾನೂ ಹೊರಗ ಬರೂದಿಲ್ಲ. ನಮ್ಮಲ್ಲಿ ನಲವತ್ತ ದಿನ ಮಾಡೂದಿಲ್ಲೇನು? ಹದಿಮೂರ ಅಂದ್ರ ಏನ್ ಮಹಾ!" ಎಂದ ಅವನು.

ಏನು ಮಹಾ ಎಂಬುದು ನನ್ನ ಗಂಡನ ಬೆನ್ನಿನ ಕೆಳಗಿತ್ತು. ಮೊದಲು ಬರೀ ಕೆಂಪು ಕಲೆ. ನಾಲ್ಕು ದಿನಕ್ಕೆ ಎಂಟಾಣೆಯಷ್ಟು ಗಾಯ. ಹದಿಮೂರು ದಿನ ಬಿಟ್ಟರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಸಾಜೀದ ನೋಡಬೇಕಾಗಿರಲಿಲ್ಲ, ನಾನು ನೋಡಬೇಕಾಗಿತ್ತು.

ನನ್ನ ಹೆಸರು ನಿಲೋಫರ. ಗಜೇಂದ್ರಗಡದಲ್ಲಿ ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ. ನನ್ನ ಗಂಡ ಇಮ್ರಾನ ಒಣಮೆಣಸಿನಕಾಯಿ ವ್ಯಾಪಾರಿ. ನನ್ನ ಸೋದರತ್ತೆ ಜಮಾಲಬಿಯ ಮಗ, ಚಿಕ್ಕಂದಿನಿಂದ ಕೂಡಿ ಆಡಿದವನು. ಹಾಗಾಗಿ ಮಂದಿ ಎದುರಿಗೆ 'ಅವರು', ಮನೆಯೊಳಗೆ 'ನೀನು'. ಈ ಸಲದ ಸುಗ್ಗಿಯಲ್ಲಿ, ಲಾರಿ ಮೇಲೆ ಹೇರಿದ ಚೀಲಗಳಿಗೆ ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ಹರಿದು ಅಂಗಾತ ಬಿದ್ದ. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು, ಎರಡು ತಿಂಗಳು ಅಲ್ಲೇ ಇದ್ದೆವು. ಜೀವ ಉಳಿಯಿತು, ಸೊಂಟದ ಕೆಳಗೆ ಮಾತ್ರ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ನನ್ನಂಥವರು ಇಬ್ಬರು ಕೂಡಿದರೆ ಹೆಚ್ಚುಕಡಿಮೆ ಒಬ್ಬ ಇಮ್ರಾನ ಆಗುತ್ತಾನೆ. ಅವನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎತ್ತುವವರು ಯಾರು?

ಐದು ತಿಂಗಳು ಮಾಳಪ್ಪ ಎತ್ತಿದ. ಮಾಳಪ್ಪ ನಮ್ಮ ನೆರೆಮನೆಯವನು, ಮಾರ್ಕೆಟ್‌ನಲ್ಲಿ ಹಮಾಲ. ಮುಂಜಾನೆ ಕೆಲಸಕ್ಕೆ ಹೋಗುವಾಗ ಒಮ್ಮೆ, ಸಂಜೆ ಬಂದಾಗ ಒಮ್ಮೆ ನಮ್ಮ ಮನೆ ಹೊಕ್ಕು, ಇಮ್ರಾನನ ಕಂಕುಳಿಗೆ ಕೈ ಹಾಕಿ, "ಹೂಂ... ಬಂತ್ ನೋಡ!" ಎಂದು ಎತ್ತಿ ಕೂರಿಸುವನು. ಕೂರಿಸಿದ ಮೇಲೆ ಬೆನ್ನಿಗೊಂದು ಏಟು ತಟ್ಟುವುದು ಅವನ ರೂಢಿ, ಚೀಲಕ್ಕೆ ತಟ್ಟಿದಂತೆ. ಪಾಪ, ಮನಸ್ಸಿನಲ್ಲಿ ಏನೂ ಇಲ್ಲ. ಆದರೆ ತಟ್ಟಿಸಿಕೊಂಡ ಮೇಲೆ ಇಮ್ರಾನ ಅರ್ಧ ತಾಸು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಆಮೇಲೆ ಮಾಳಪ್ಪನ ಸೊಂಟ ಹಿಡಿಯಿತು. ಅವನು ಪಟ್ಟಿ ಕಟ್ಟಿಕೊಂಡು ಮುಶಿಗೇರಿಯ ಮಗಳ ಮನೆಗೆ ಹೋಗಿ ಮಲಗಿದ. ಇತ್ತ ನಾನೂ ಅತ್ತೆಯೂ ಸೇರಿ, ಎತ್ತಲಾರದೆ, ಚಾದರ ಹಿಡಿದು ಇಮ್ರಾನನನ್ನು ಆಚೆಗೂ ಈಚೆಗೂ ಎಳೆದೆವು. ಗಾಯ ನೋಡಿದ ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಎಳೀಬ್ಯಾಡ್ರಿ, ಎತ್ರಿ. ಎಳೆದಾಗ ಚರ್ಮ ಒಳಗಿಂದೊಳಗ ಹರೀತೈತಿ. ಹಿಂಗ ಬಿಟ್ರ ಎಲುಬಿಗೆ ಹೋಗತೈತಿ. ಎಲುಬಿಗೆ ಹೋತಂದ್ರ ನನ್ನ ಕೈಯಾಗೂ ಇಲ್ಲ." ಅಂದರೆ ಆ ಗಾಯ ಮಾಡಿದವಳು ನಾನು. ಅವರು ಹಾಗೆ ಅನ್ನಲಿಲ್ಲ, ನಾನೇ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ.

ಎತ್ತುವ ಲಿಫ್ಟ್ ಒಂದಿದೆ ಎಂದು ನನಗೆ ಮೊದಲೇ ಗೊತ್ತಿತ್ತು. ನಮ್ಮೂರಿನ ಸೇವಾ ಸಮಿತಿಯವರು ಗಾಲಿಕುರ್ಚಿ, ವಾಕರ್, ಗಾಳಿ ತುಂಬುವ ಹಾಸಿಗೆ ಎಲ್ಲ ಇಟ್ಟು ಬೇಕಾದವರಿಗೆ ಕೊಡುತ್ತಾರೆ, ಕೆಲಸ ತೀರಿದ ಮೇಲೆ ಮರಳಿ ಪಡೆಯುತ್ತಾರೆ. ಆ ಕೋಣೆಯ ಕೀಲಿ ಸಾಜೀದನ ಹತ್ತಿರ. ಸ್ವಂತ ಗೂಡ್ಸ್ ಗಾಡಿ ಇಟ್ಟುಕೊಂಡಿರುವ ಮನುಷ್ಯ, ಯಾರಿಗೂ ಇಲ್ಲ ಅನ್ನಲಾರ, ಯಾರನ್ನೂ ಕೊಡು ಅನ್ನಲಾರ. ಲಿಫ್ಟ್ ಇರುವುದು ಒಂದೇ. ಗಾಲಿ ಇರುವ ಎರಡು ಉದ್ದ ಕಾಲು, ಮೇಲೊಂದು ಕಂಬ, ಕಂಬದಿಂದ ಮುಂದೆ ಚಾಚಿದ ತೋಳು, ತೋಳಿನ ತುದಿಗೆ ಕೊಕ್ಕೆಗಳು. ಮಲಗಿದವರ ಬೆನ್ನಿನ ಕೆಳಗೆ ಗಟ್ಟಿ ಬಟ್ಟೆಯ ಝೋಲಿ ಸರಿಸಿ, ಅದರ ಪಟ್ಟಿಗಳನ್ನು ಕೊಕ್ಕೆಗೆ ಸಿಕ್ಕಿಸಿ, ಜಾಕ್ ಹೊಡೆದಂತೆ ಹಿಡಿಕೆ ಹೊಡೆದರೆ ತೋಳು ಮೇಲೇಳುತ್ತದೆ, ಮನುಷ್ಯನೂ ಮೇಲೇಳುತ್ತಾನೆ. ನನ್ನಂಥ ಕಡ್ಡಿಯೂ ಒಬ್ಬಳೇ ಮಾಡಬಹುದು.

ಅದು ಎರಡು ವರ್ಷದಿಂದ ರೋಣದಲ್ಲಿ ಶ್ರೀಧರ ಮಾಸ್ತರರ ತಂದೆಯ ಮಂಚದ ಬದಿಗಿತ್ತು. ಪಾಳಿಯಲ್ಲಿ ಮುಂದಿನ ಹೆಸರು ನಮ್ಮದು. ದಿನಾ ಸಾಜೀದನಿಗೆ ಫೋನ್ ಮಾಡಿ, "ರೋಣದ ಅಜ್ಜಾರು ಹ್ಯಾಂಗ ಅದಾರ?" ಎಂದು ಕೇಳುತ್ತಿದ್ದೆ. ನನಗೆ ಎಂಥ ಕಾಳಜಿ ಎಂದು ಸಾಜೀದ ಮೆಚ್ಚಿಕೊಂಡಿದ್ದ. ಆ ಮುದುಕರು ಲಗೂ ಹೋಗಲಿ ಎಂದು ನಾನು ಬೇಡಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವರು ಹೋದರು. ಆಮೇಲಿನ ಹದಿಮೂರು ದಿನ ನಾನು ಕೂತಲ್ಲಿ ಕೂರಲಿಲ್ಲ. ಲಿಫ್ಟಿನ ಕಾಲು ಕೆಳಗೆ ಹೋಗಬೇಕಲ್ಲ, ಮಂಚದ ನಾಲ್ಕೂ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಟ್ರಂಕನ್ನು ಹೊರಗೆ ಹಾಕಿದೆ, ಮತ್ತೆ ಒಳಗೆ ತಂದೆ, ಮತ್ತೆ ಹೊರಗೆ ಹಾಕಿದೆ. ಫೋನಿನಲ್ಲಿ ಲಿಫ್ಟ್ ನಡೆಸುವ ವಿಡಿಯೋ ಹಾಕಿಕೊಂಡು ಎಷ್ಟು ಸಲ ನೋಡಿದೆ ಎಂದರೆ, ಯಾವ ಪಟ್ಟಿ ಯಾವ ಕೊಕ್ಕೆಗೆ ಎಂದು ನಿದ್ದೆಯಲ್ಲೂ ಹೇಳುತ್ತಿದ್ದೆ. ಹೆಗಲಿಗೆ ಗಿಡ್ಡ ಪಟ್ಟಿ, ತೊಡೆಗೆ ಉದ್ದ ಪಟ್ಟಿ. ಉಲ್ಟಾ ಮಾಡಿದರೆ ತಲೆ ಕೆಳಗೆ, ಕಾಲು ಮೇಲೆ.

"ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಬ್ಯಾಡ," ಎಂದಳು ಅತ್ತೆ.

"ಸುಮ್ನ ಕೂಡು. ನೀ ಕುಂತ್ರ ನನ್ನ ಜೀವಕ್ಕ ಸಮಾಧಾನ," ಎಂದ ಇಮ್ರಾನ. ಮಲಗಿದವನಿಗೆ ಓಡಾಡುವವಳನ್ನು ನೋಡುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಲಿಲ್ಲ.

ಹದಿನಾಲ್ಕನೆಯ ದಿನ ಮುಂಜಾನೆ ಸಾಜೀದನ ಗಾಡಿ ಹತ್ತಿದೆ. ಸೂಡಿ ದಾಟುವಷ್ಟರಲ್ಲಿ ಎರಡು ಸಲ "ಲಗೂ ಹೊಡಿ" ಅಂದೆ. "ಲಿಫ್ಟ್ ಎಲ್ಲಿಗೂ ಓಡಿ ಹೋಗೂದಿಲ್ಲ ಭಾಬಿ," ಎಂದು ಅವನು ನಕ್ಕ.

ರೋಣದ ಆ ಮನೆಯ ಪಡಸಾಲೆಯಲ್ಲಿ ಊಟದ ಎಲೆಗಳ ವಾಸನೆ ಇನ್ನೂ ಇತ್ತು. ಶ್ರೀಧರ ಮಾಸ್ತರರು ತಲೆ, ಮೀಸೆ ಎರಡೂ ತೆಗೆಸಿಕೊಂಡು ಬೇರೆಯೇ ಮನುಷ್ಯನಂತೆ ಕಾಣುತ್ತಿದ್ದರು. ಕುರ್ಚಿ ಹಾಕಿದರು, ನೀರು ತರಿಸಿದರು. ಸಾಜೀದ ಸತ್ತವರ ಗುಣಗಾನ ಮಾಡಿದ. ನಾನು ಮಾಸ್ತರರ ಭುಜದ ಆಚೆಗೆ, ಒಳಗಿನ ಕೋಣೆಯೊಳಗೆ ಕಣ್ಣು ಹಾಯಿಸಿದೆ. ಮಂಚವಿದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು.

"ಲಿಫ್ಟ್ ಎಲ್ಲೈತ್ರಿ?" ಎಂದೆ.

ಮಾಸ್ತರರು ಸಾಜೀದನನ್ನು ನೋಡಿದರು, ಆಮೇಲೆ ನೆಲ ನೋಡಿದರು. "ಅದು... ದಾನಕ್ಕ ಹೋತ್ರಿ."

"ಯಾವ ದಾನ?"

"ಶಯ್ಯಾದಾನ. ಹನ್ನೊಂದನೇ ದಿನ ಹೋದವರ ಹಾಸಿಗಿ, ಮಂಚ, ಛತ್ರಿ, ಚಪ್ಪಲಿ ಎಲ್ಲಾ ಆಚಾರ್ರಿಗೆ ಕೊಡ್ತೀವಲ್ರಿ, ಹೋದವರಿಗೆ ದಾರಿಯೊಳಗ ತ್ರಾಸ ಆಗಬಾರದು ಅಂತ. ಆವತ್ತ ಮಂಚ ಗಾಡಿಗೆ ಹೇರ್ಲಿಕ್ಕೆ ಹತ್ತಿದ್ರು. ಅವ್ವ ಬಂದು, ಅದೊಂದ ಯಾಕ ಬಿಟ್ರಿ ಅಂದಳು. ಎರಡ ವರ್ಷ ಅವರು ಅದರಾಗ ಎದ್ದಾರ, ಅದರಾಗ ಕೂತಾರ. ಮಂಚ ಕೊಟ್ಟು ಅದನ್ನ ಇಟ್ಟಕೊಂಡ್ರ, ಮುಂದ ಅವರನ್ನ ಎತ್ತವರು ಯಾರು ಅಂತ ಕೇಳಿದಳು. ನನಗೂ ಆವಾಗ ತಲಿ ಓಡಲಿಲ್ಲ ನೋಡ್ರಿ. ಹೌದಲ್ಲ ಅನಿಸ್ತು."

ಅತ್ತೆ ಒಡವೆಯನ್ನು ಅಳಿಯ ದಾನ ಮಾಡಿದ ಎಂಬ ಮಾತು ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದೇ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಹೋದವರನ್ನ ಎತ್ತಾಕ ದೇವರು ಅದಾನ್ರಿ. ನನ್ನ ಗಂಡನ್ನ ಎತ್ತಾಕ ಯಾರೂ ಇಲ್ಲ. ಅದರ ಕಂಬದ ಮ್ಯಾಲೆ ಸಮಿತಿ ಹೆಸರು ಬರದಿದ್ದು ಒಬ್ಬರಿಗೂ ಕಾಣಲಿಲ್ಲೇನು?"

ಸಾಜೀದ ನನ್ನ ಸೆರಗು ಎಳೆಯುವುದೊಂದು ಬಾಕಿ. ಅಷ್ಟರಲ್ಲಿ ಒಳಗಿನಿಂದ ಸರಸ್ವತಿಬಾಯಿ, ಮಾಸ್ತರರ ತಾಯಿ, ಬಾಗಿಲು ಹಿಡಿದುಕೊಂಡು ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ.

"ಕಂಡಿತ್ತವಾ," ಎಂದರು. "ಬರೇ ದಾನದ ಮಾತಲ್ಲ. ಅದು ಕಣ್ಣಿಗೆ ಬಿದ್ರ ಅವರು ಅದರಾಗ ತೂಗಾಡಿದಂಗ ಕಾಣ್ತಿತ್ತು. ಮನಿಯೊಳಗ ಅದು ಬ್ಯಾಡಾಗಿತ್ತು ನನಗ. ಯಾರದು ಅಂತ ವಿಚಾರ ಮಾಡಲಿಲ್ಲ."

ಈಗ ಇಂಥವರ ಮೇಲೆ ಏನು ಸಿಟ್ಟು ಮಾಡುವುದು? ಸಿಟ್ಟೇನೋ ಇತ್ತು, ಇಡಲು ಜಾಗ ಇರಲಿಲ್ಲ.

"ಕೊಟ್ಟದ್ದನ್ನ ನಾವು ಕೇಳಬಾರದು," ಎಂದರು ಅವರು. "ಕೇಳಿದ್ರ ಅವರಿಗೆ ಮುಟ್ಟಿದ್ದೂ ಮುಟ್ಟದಂಗ. ನೀನು ಕೇಳಬಹುದು. ನರಗುಂದದಾಗ ಪ್ರಲ್ಹಾದಾಚಾರ್ರು ಅಂತ. ಗುಡ್ಡದ ಕೆಳಗ ಓಣಿ."

ಮಾಸ್ತರರು ಫೋನ್ ಮಾಡಿ ತಿಳಿಸುತ್ತೇನೆ ಎಂದರು. "ಬ್ಯಾಡ್ರಿ, ತಿಳಿಸಬ್ಯಾಡ್ರಿ," ಎಂದೆ. ಅಷ್ಟೊತ್ತಿಗೆ ಯಾರ ಮೇಲೂ ನನಗೆ ಭರವಸೆ ಉಳಿದಿರಲಿಲ್ಲ.

ರೋಣದಿಂದ ನರಗುಂದದ ದಾರಿ ಅಂದು ಮುಗಿಯಲೇ ಇಲ್ಲ. ಯಾವಗಲ್ ಹತ್ತಿರ ಹೊಟ್ಟು ಹೇರಿದ ಟ್ರ್ಯಾಕ್ಟರೊಂದು ರಸ್ತೆಯ ತುಂಬ ಹರಡಿಕೊಂಡು ಹೊರಟಿತ್ತು. ಸಾಜೀದ ಹಾರ್ನ್ ಹೊಡೆಯಲು ಸಂಕೋಚಪಟ್ಟ. ನಾನು ಬದಿಯಿಂದ ಕೈ ಚಾಚಿ ಹೊಡೆದೆ, ದಾರಿ ಸಿಗುವತನಕ ಬಿಡಲಿಲ್ಲ. ಅತ್ತೆಗೆ ಫೋನ್ ಮಾಡಿದರೆ, "ಹೊರಳಿಸಾಕ ಹೋದ್ನಿ, ಅರ್ಧಾ ಹೊರಳ್ಯಾನ," ಎಂದಳು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಅರ್ಧ ಹೊರಳಿದರೆ ಭಾರ ಸರಿಯಾಗಿ ಗಾಯದ ಮೇಲೆ ಬೀಳುತ್ತದೆ. "ದಿಂಬು ಕೊಡು, ಅತ್ತಿ, ದಿಂಬು!" ಎಂದು ನಾನು ಗಾಡಿಯಲ್ಲಿ ಕೂಗಿದ್ದಕ್ಕೆ ಎದುರಿನಿಂದ ಬಂದ ಬೈಕಿನವನು ತಿರುಗಿ ನೋಡಿದ.

ಆಚಾರ್ಯರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಹೆಣ್ಣುಮಗಳೊಬ್ಬಳು, "ಅಪ್ಪಾ, ಸಾಕು, ತಲಿ ಕೆಳಗಾಗ್ಲಿಕ್ಕೆ ಹತ್ತೇದ!" ಎಂದು ಕೂಗುವುದು ಕೇಳಿಸಿತು. ಹಣಿಕಿ ಹಾಕಿದೆ.

ನನ್ನ ಲಿಫ್ಟ್ ನಡುಮನೆಯಲ್ಲಿ ನಿಂತಿತ್ತು. ಝೋಲಿಯಲ್ಲಿ ಇಪ್ಪತ್ತೈದು ಇಪ್ಪತ್ತಾರರ ಒಬ್ಬ ಹುಡುಗಿ ತಲೆ ಇಳಿಬಿದ್ದು, ಕಾಲು ಮೇಲಾಗಿ ತೂಗುತ್ತಿದ್ದಳು. ಕನ್ನಡಕ ಹಣೆಗೆ ಜಾರಿತ್ತು. ಪಂಚೆ ಉಟ್ಟ ಹಣ್ಣುಮುದುಕರೊಬ್ಬರು ಇನ್ನೂ ಹಿಡಿಕೆ ಹೊಡೆಯುತ್ತಲೇ ಇದ್ದರು; ಅವರ ಹೆಂಡತಿ ಹುಡುಗಿಯ ತಲೆಯನ್ನು ಎರಡೂ ಕೈಯಲ್ಲಿ ಆನಿಸಿಕೊಂಡು ನಿಂತಿದ್ದರು. ಗಿಡ್ಡ ಪಟ್ಟಿ ತೊಡೆಗೆ, ಉದ್ದ ಪಟ್ಟಿ ಹೆಗಲಿಗೆ.

"ಹೊಡೀಬ್ಯಾಡ್ರಿ! ಕೈ ಬಿಡ್ರಿ!" ಎನ್ನುತ್ತ ನುಗ್ಗಿದೆ. ಹಿಡಿಕೆಯ ಬುಡದ ತಿರುಪು ಸಡಿಲಿಸಿ ಮೆಲ್ಲಗೆ ಮಂಚಕ್ಕೆ ಇಳಿಸಿದೆ. ಪಟ್ಟಿಗಳನ್ನು ಬಿಚ್ಚಿ ಅದಲುಬದಲು ಮಾಡಿದೆ. "ಈಗ ನೋಡ್ರಿ," ಎಂದು ಹಿಡಿಕೆ ಹೊಡೆದೆ. ಹುಡುಗಿ ನೆಟ್ಟಗೆ ಎದ್ದು ಬಂದಳು, ಕುರ್ಚಿಯಲ್ಲಿ ಕೂತಂತೆಯೇ ಗಾಳಿಯಲ್ಲಿ ಕೂತಳು. ಮೊಣಕಾಲು ಹಿಡಿದು ತಿರುಗಿಸಿ, ಗಾಲಿಕುರ್ಚಿಯ ಮೇಲೆ ತಂದು, ಹೂವು ಇಟ್ಟಂತೆ ಇಟ್ಟೆ. ಕೈಗೆ ಭಾರವೇ ತಿಳಿಯಲಿಲ್ಲ. ಎಷ್ಟು ಸಲ ಮನಸ್ಸಿನಲ್ಲಿ ಮಾಡಿದ್ದ ಕೆಲಸ! ಮೊದಲ ಸಲ ಖರೇ ಮಾಡಿದೆ, ಇನ್ನೊಬ್ಬರ ಮಗಳಿಗೆ. ನನ್ನ ಕಾಲಲ್ಲಿ ಚಪ್ಪಲಿ ಇದ್ದದ್ದು ಆಮೇಲೆ ಕಣ್ಣಿಗೆ ಬಿತ್ತು. ಆಚಾರ್ಯರೂ ನೋಡಿದರು.

ಹುಡುಗಿ ಕನ್ನಡಕ ಸರಿ ಮಾಡಿಸಿಕೊಂಡಳು. "ನೀವು ಕಂಪನಿಯವರೇನ್ರಿ? ಕಲಿಸ್ಲಿಕ್ಕೆ ಬಂದೀರಾ?"

"ಅಲ್ಲ. ಒಯ್ಯಾಕ ಬಂದೀನಿ."

ಸಾಜೀದ ಬಾಗಿಲಲ್ಲೇ ನಿಂತು ಸಮಿತಿಯ ಕಾಗದ ತೋರಿಸಿದ. ಶ್ರೀಧರ ಮಾಸ್ತರರ ಸಹಿ, ಕಂಬದ ಮೇಲಿನ ನಂಬರು, 'ಅಗತ್ಯ ತೀರಿದ ಮೂರು ದಿನದೊಳಗೆ ಮರಳಿಸತಕ್ಕದ್ದು' ಎಂಬ ಸಾಲು. ಆಚಾರ್ಯರು ಕಾಗದ ಮುಟ್ಟಲಿಲ್ಲ.

"ಓದೋದು ಬ್ಯಾಡ," ಎಂದರು. "ಕಂಬದ ಮ್ಯಾಲೆ ಬರದದ್ದು ಅವತ್ತ ಓದೀನಿ. ದಾನ ಹಿಡೀವಾಗ ಓದೀನಿ. ಮಂದಿಯ ವಸ್ತು ದಾನ ಆಗೂದಿಲ್ಲ ಅಂತ ಊರಿಗೆಲ್ಲಾ ಹೇಳಾಂವ ನಾನ. ಓದಿ, ಸುಮ್ಮನ ಗಾಡಿಗೆ ಹೇರಿಸ್ಕೊಂಡ ಬಂದೆ. ನನಗ ಹರ್ನಿಯಾ ಆಪರೇಶನ್ ಆಗೇದ, ಇಕಿಗೆ ಮೊಣಕಾಲ ನೋವು. ಮೇಧಾಗ ಹುಟ್ಟಿದಾಗಿಂದ ಮೈಯೊಳಗ ಬಲ ಇಲ್ಲ. ಮುಂದ ನಿಮ್ಮ ಇಷ್ಟ."

ಅವರು ಜಗಳ ಆಡಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಜಗಳಕ್ಕೆ ನಾನು ತಯಾರಾಗಿಯೇ ಬಂದಿದ್ದೆ.

"ನಿಮ್ಮನಿಯವರು ಮಲಗಿ ಎಷ್ಟ ದಿನ ಆತ್ರಿ?" ಎಂದು ಮೇಧಾ ಕೇಳಿದಳು.

"ಎಂಟು ತಿಂಗಳು."

"ನಂದು ಇಪ್ಪತ್ತಾರು ವರ್ಷ. ಪಾಳಿ ಅಂದ್ರ ನಂದ ಮೊದಲ ಆಗ್ತದಲ್ರಿ?"

"ಹೆಸರ ಬರಸಿದ್ರ ಪಾಳಿ. ಬರಸಿದ್ರೇನು ನೀವು?"

"ಇಂಥಾದ್ದೊಂದು ಅದ ಅಂತ ಮೂರು ದಿನದ ಹಿಂದ ಗೊತ್ತಾಗೇದ. ಯಾರ ಹತ್ರ ಬರಸೋದು?"

"ನರಗುಂದ ನಮ್ಮ ಸಮಿತಿಗೆ ಬರೂದಿಲ್ರಿ ತಂಗಿ," ಎಂದು ಸಾಜೀದ ನೆಲಕ್ಕೆ ಹೇಳಿದ.

ನಾನು ಸಿಟ್ಟಿಗೆದ್ದೆ. ಯಾರ ಮೇಲೆ ಎಂದು ಈಗಲೂ ಹೇಳಲಾರೆ. ಇಮ್ರಾನನ ಗಾಯದ ಫೋಟೋ ಫೋನಿನಲ್ಲಿತ್ತು, ಡಾಕ್ಟರಿಗೆ ಕಳಿಸಲು ತೆಗೆದದ್ದು. ಗಂಡನ ಮೈಯನ್ನು ಪರರಿಗೆ ತೋರಿಸಬಾರದು ಎಂಬ ಯೋಚನೆಯೂ ಬರಲಿಲ್ಲ, ಅವಳ ಮುಖದ ಮುಂದೆ ಹಿಡಿದೆ. "ಇದನ್ನ ನೋಡು. ಇದು ಎಲುಬಿಗೆ ಹೋದ್ರ ಅವನು ಇರೂದಿಲ್ಲ. ನಿನಗ ತ್ರಾಸ ಐತಿ, ಒಪ್ಪತೀನಿ. ನನಗ ಜೀವದ ಪ್ರಶ್ನೆ ಐತಿ."

ಅವಳು ಬಹಳ ಹೊತ್ತು ನೋಡಿದಳು. ಅವಳ ತಾಯಿಯೂ ಬಗ್ಗಿ ನೋಡಿ, "ಅಯ್ಯ ದೇವರ," ಎಂದು ಮುಖ ತಿರುಗಿಸಿದರು.

"ಒಯ್ರಿ," ಎಂದಳು ಮೇಧಾ. "ಆದ್ರ ನನ್ನ ಮೊದಲು ಮಂಚಕ್ಕ ಹಾಕಿ ಹೋಗ್ರಿ. ಇಲ್ಲಾಂದ್ರ ಈ ಕುರ್ಚಿಯೊಳಗಿಂದ ಎತ್ತವರು ಇಲ್ಲ. ಇನ್ನೊಂದು, ಹತ್ತ ನಿಮಿಷ ಬಿಟ್ಟು ಹಾಕ್ರಿ. ಕಟ್ಟಿ ಮ್ಯಾಲೆ ಬಿಸಲು ಬಂದದ. ಒಂಚೂರು ಕೂಡ್ತೀನಿ."

ಫೋನಿನಲ್ಲಿ ಅತ್ತೆಯ ಎರಡು ಮಿಸ್ಡ್ ಕಾಲ್ ಇದ್ದವು. ಇಮ್ರಾನ ಅರ್ಧ ಹೊರಳಿ ಮಲಗಿದ್ದ. ಗಜೇಂದ್ರಗಡ ಎರಡು ತಾಸಿನ ದಾರಿ. "ಹತ್ತ ನಿಮಿಷ ಇಲ್ಲವಾ," ಎಂದೆ.

ಅವಳು ಬೇಡಲಿಲ್ಲ. ಝೋಲಿ ಕೊಕ್ಕೆಗೆ ಸಿಕ್ಕಿಸಿ, ಎತ್ತಿ, ಮಂಚಕ್ಕೆ ಇಳಿಸಿದೆ. ಬೆನ್ನಿನ ಕೆಳಗಿನಿಂದ ಝೋಲಿ ಎಳೆದುಕೊಳ್ಳುವಾಗ ಅವಳೇ ಮಗ್ಗುಲಾಗಲು ಪ್ರಯತ್ನ ಪಟ್ಟಳು. ಬಾಗಿಲವರೆಗೆ ಲಿಫ್ಟನ್ನು ತಳ್ಳಿದ ಮೇಲೆ ಹಿಂದಿನಿಂದ ಕೇಳಿದಳು: "ಗಾಯ ಮಾಯ್ದ ಮ್ಯಾಲೆ?"

ಸಾಜೀದನ ಕೈಯಿಂದ ಕಾಗದ ಕಿತ್ತುಕೊಂಡು, ಅದರ ಬೆನ್ನಿಗೆ ಬರೆದೆ: 'ಗಾಯ ಮಾಯ್ದ ಮರುದಿನ ಲಿಫ್ಟನ್ನು ನರಗುಂದಕ್ಕೆ ಕಳಿಸುತ್ತೇನೆ. ನಿಲೋಫರ.' ಕೆಳಗೆ ನನ್ನ ಫೋನ್ ನಂಬರು. ಸಮಿತಿಯ ನಿಯಮದ ಬಗ್ಗೆ ಸಾಜೀದ ಏನೋ ಗೊಣಗಿದ. "ನಿಯಮ ನಿನ್ನ ಕಡೆ ಇರಲಿ," ಎಂದೆ. ಕಾಗದವನ್ನು ಆಚಾರ್ಯರ ಕೈಗೆ ಕೊಟ್ಟೆ. ಈ ಸಲ ಅವರು ಮುಟ್ಟಿದರು.

ಅಂದು ಮಧ್ಯಾಹ್ನ ಇಮ್ರಾನ ಝೋಲಿಯಲ್ಲಿ ಮೇಲೆದ್ದ. ಮಂಚ ಬಿಟ್ಟು ಒಂದು ಗೇಣು ಎದ್ದಾಗ ಕಣ್ಣು ಮುಚ್ಚಿಕೊಂಡ, ಎರಡು ಗೇಣು ಎದ್ದಾಗ ಒಂದು ಕಣ್ಣು ತೆರೆದ, ಕುರ್ಚಿಯ ಮೇಲೆ ಬಂದಾಗ ಜೋರಾಗಿ ನಕ್ಕ. ಬಿದ್ದ ದಿನದಿಂದ ಆ ನಗು ನಾನು ಕೇಳಿರಲಿಲ್ಲ. ಅತ್ತೆ ಬಾಯಿಗೆ ಸೆರಗು ಹಿಡಿದು ಅತ್ತಳು. "ಯಾರೂ ಬೆನ್ನಿಗೆ ತಟ್ಟಲಿಲ್ಲ," ಎಂದು ಇಮ್ರಾನ ನನಗೆ ಮಾತ್ರ ಕೇಳಿಸುವಂತೆ ಹೇಳಿದ.

ಆಮೇಲೆ ದಿನಗಳು ಓಡಿದವು. ಮುಂಜಾನೆ ಎತ್ತಿ ಬಾಗಿಲಲ್ಲಿ ಕೂರಿಸಿದರೆ, ಬರುವವರು ಹೋಗುವವರು ಮಾತಾಡಿಸುತ್ತಿದ್ದರು. ಅವನು ಕೂತಲ್ಲಿಂದಲೇ ಫೋನಿನಲ್ಲಿ ವ್ಯಾಪಾರ ಶುರು ಮಾಡಿದ, ಮೊದಲಿನ ಹಾಗೆ ಬೈಯಲೂ ಶುರು ಮಾಡಿದ. ಗಾಯ ಕೆಂಪಾಯಿತು, ಗುಲಾಬಿಯಾಯಿತು, ಅಂಚಿನಿಂದ ಕೂಡುತ್ತ ಬಂತು. ಮೂವತ್ತೊಂದನೆಯ ದಿನ ಡಾಕ್ಟರು ನೋಡಿ, "ಮಾಯ್ದೈತಿ. ಹಿಂಗ ಕಾಪಾಡ್ರಿ," ಎಂದರು.

ಮಾಯ್ದ ಮರುದಿನ ಬಂತು. ಹೋಯಿತು. ಅದರ ಮರುದಿನವೂ ಹೋಯಿತು.

ನಾನು ಏನೇನೋ ಲೆಕ್ಕ ಹಾಕಿದೆ. ಹೊಸ ಚರ್ಮ ಇನ್ನೂ ಎಳಸು, ನಾಲ್ಕು ದಿನ ಹೋಗಲಿ. ಮಾಳಪ್ಪ ಮರಳಿ ಬಂದಿದ್ದ, ಆದರೆ ಇನ್ನು ಎತ್ತಬಾರದು ಎಂದು ಅವನಿಗೂ ಡಾಕ್ಟರು ಹೇಳಿದ್ದರು. ಇನ್ನೊಂದು ಲಿಫ್ಟಿನ ಮಾತು ಸಮಿತಿಯ ಮುಂದಿನ ಸಭೆಗೆ ಹೋಗಿತ್ತು, ಸಭೆ ಯಾವಾಗ ಎಂದು ಸಾಜೀದನಿಗೂ ತಿಳಿಯದು. ಲಿಫ್ಟ್ ಕೊಟ್ಟ ದಿನವೇ ನಾನು ಮತ್ತೆ ಚಾದರ ಹಿಡಿದು ಎಳೆಯಬೇಕು. ಎಳೆದರೆ ಮತ್ತೆ ಗಾಯ. ಇದರಲ್ಲಿ ಸುಳ್ಳೇನಿದೆ? ಒಂದೂ ಸುಳ್ಳಲ್ಲ. ಆದರೂ ಅಪರಿಚಿತ ನಂಬರಿನಿಂದ ಫೋನ್ ಬಂದರೆ ಎತ್ತುವ ಮೊದಲು ಎರಡು ಸಲ ನೋಡುತ್ತಿದ್ದೆ. ಕುಚ್ಚು ಕಟ್ಟುವಾಗ ಗಂಟು ತಪ್ಪುತ್ತಿತ್ತು. ಇಮ್ರಾನನೊಂದಿಗೆ ನರಗುಂದದ ಮಾತು ಆಡಿದ್ದೆ, ಬರೆದುಕೊಟ್ಟ ಮಾತು ಮಾತ್ರ ಆಡಿರಲಿಲ್ಲ.

ಒಂಬತ್ತನೆಯ ದಿನ ಸಂಜೆ ಇಮ್ರಾನನನ್ನು ಕುರ್ಚಿಯಿಂದ ಎತ್ತಿದ್ದೆ. ಅವನು ಝೋಲಿಯಲ್ಲಿ, ನೆಲ ಬಿಟ್ಟು, ನಡುಮನೆಯ ನಡುವೆ ಇದ್ದ. ಫೋನ್ ಬಂತು. ಅತ್ತೆ ಒತ್ತಿ ನನ್ನ ಕಿವಿಗೆ ಹಿಡಿದಳು.

"ಅಕ್ಕಾ, ನಾನ್ರಿ, ನರಗುಂದದ ಮೇಧಾ. ನಿಮ್ಮನಿಯವರ ಗಾಯ ಹ್ಯಾಂಗದ?"

"ಇನ್ನೂ ಮಾಯ್ದಿಲ್ಲವಾ," ಎಂದೆ. ನಾಲಿಗೆ ತಡವರಿಸಲೂ ಇಲ್ಲ. "ಸ್ವಲ್ಪ ಕಡಿಮಿ ಆಗೇತಿ. ಇನ್ನ ಒಂದ್ ತಿಂಗಳರೆ ಬೇಕು."

ಇಮ್ರಾನ ನನ್ನ ಮುಖ ನೋಡಿದ. ಅತ್ತೆ ಫೋನ್ ಹಿಡಿದ ಕೈಯನ್ನು ಅಲುಗಿಸಲಿಲ್ಲ.

"ಇರ್ಲಿ ಬಿಡ್ರಿ, ಮಾಯಲಿ," ಎಂದಳು ಮೇಧಾ. "ನಾ ಅದಕ್ಕ ಫೋನ್ ಮಾಡಿಲ್ಲ. ನನಗೂ ಒಂದು ಆಗೇದ, ಬೆನ್ನ ಕೆಳಗ. ಅಪ್ಪಗ ಎತ್ಲಿಕ್ಕೆ ಆಗೂದಿಲ್ಲ, ಎಳೀತಾರ. ನೀವು ಅವತ್ತ ಫೋಟೋ ತೋರಿಸಿದ್ರಿ ನೋಡ್ರಿ, ಅವ್ವ ಅಂತಾಳ, ಹಂಗ ಅದ ಅಂತ. ನಿಮ್ಮ ಡಾಕ್ಟರ್ ಹಚ್ಚಲಿಕ್ಕೆ ಏನ್ ಕೊಟ್ಟಿದ್ರು? ಹೆಸರು ಹೇಳ್ರಿ, ಅಪ್ಪ ಪೆನ್ನು ಹಿಡಕೊಂಡು ಕೂತಾರ."

ಮುಲಾಮಿನ ಟ್ಯೂಬು ಕಿಟಕಿಯಲ್ಲಿತ್ತು, ಅರ್ಧ ಉಳಿದಿತ್ತು. ಫೋನನ್ನು ಹೆಗಲಿಗೆ ಒತ್ತಿಕೊಂಡು ಕಣ್ಣಿನಿಂದಲೇ ತೋರಿಸಿದೆ, ಅತ್ತೆ ತಂದು ಹಿಡಿದಳು. ನಾನು ಒಂದೊಂದೇ ಅಕ್ಷರ ಓದಿ ಹೇಳಿದೆ. ಆಚೆ ಅವಳು ಅದನ್ನೇ ತಂದೆಗೆ ಹೇಳಿದಳು, ತಂದೆ ಬರೆದುಕೊಳ್ಳುತ್ತ ಮತ್ತೊಮ್ಮೆ ಹೇಳಿದರು. ದಿನಕ್ಕೆ ಎಷ್ಟು ಸಲ ಎಂದು ಕೇಳಿದರು. ಎರಡು ಸಲ ಎಂದೆ. "ಭಾಳ ಉಪಕಾರ ಆತ್ರಿ ಅಕ್ಕಾ," ಎಂದು ಮೇಧಾ ಫೋನ್ ಇಟ್ಟಳು.

ಇಮ್ರಾನನನ್ನು ಮಂಚಕ್ಕೆ ಇಳಿಸಿದೆ. ಅವನು ಬೆನ್ನಿನ ಕೆಳಗಿನ ಝೋಲಿಯನ್ನು ತಾನೇ ಎಳೆದು ನನ್ನ ಕಡೆ ಎಸೆದ. "ನನ್ನ ಮೈ ಮ್ಯಾಲೆ ಇಲ್ಲದ ಗಾಯದ ಹೆಸರ ಹೇಳಬ್ಯಾಡ," ಎಂದ. ಬಹಳ ಮೆತ್ತಗೆ ಹೇಳಿದ.

ನಾಚಿಕೆಯಿಂದ ಸತ್ತೆ ಎನ್ನುತ್ತಾರಲ್ಲ, ಸಾಯಲಿಲ್ಲ. ಮನಸ್ಸು ಆಗಲೂ ಹೇಳುತ್ತಿತ್ತು: ಕೊಡಬೇಡ, ನಾಳೆ ನೋಡೋಣ, ಮುಲಾಮು ಹಚ್ಚಿದರೆ ಅವಳದ್ದೂ ಮಾಯುತ್ತದೆ. ಅದರ ಮಾತು ಪೂರ್ತಿ ಕೇಳುವ ಮೊದಲು ಸಾಜೀದನಿಗೆ ಫೋನ್ ಹಚ್ಚಿದೆ. ಲಿಫ್ಟ್ ನರಗುಂದಕ್ಕೆ ಒಯ್ಯಬೇಕು, ಗಾಡಿ ತಾ ಎಂದೆ.

"ಈಗ ಸಂಜಿ ಆಗೇತಲ್ಲ ಭಾಬಿ. ನಾಳಿ ಮುಂಜಾನಿ ಬರ್ತೀನಿ."

"ನಾಳಿ ಬ್ಯಾಡ ಸಾಜೀದ. ನಾಳಿ ಬಂದ್ರ ನಾ ಕೊಡೂದಿಲ್ಲ. ಈಗ ಬಾ."